ಫೈಬರ್ ಎಲ್ಲಿಗೆ ಬಂದು ನಿಂತಿದೆ? – ಮನೆಯ ಅಂತರ್ಜಾಲ ಸಂಪರ್ಕ ಬದಲಾಯಿಸುವ ಮುನ್ನ

(ಖಾನಾಪುರ ತಾಲ್ಲೂಕಿನ ಗ್ರಾಮ ಪಂಚಾಯತಿಗಳ ಚುನಾಯಿತ ಪ್ರತಿನಿಧಿಗಳು ಹಾಗೂ ಬೆಳಗಾವಿ ನಗರದಲ್ಲಿ ನೆಲೆಸಿ ತಾಲ್ಲೂಕಿನಲ್ಲಿ ಕರ್ತವ್ಯ ನಿರ್ವಹಿಸುತ್ತಿರುವ ಸಿಬ್ಬಂದಿಯನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ)



‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಅಂತರ್ಜಾಲದ ವಿಷಯದಲ್ಲಿ ಈ ಗಾದೆಯನ್ನು ನಂಬಿ ಕುಳಿತವರು ಮೋಸಹೋಗುತ್ತಾರೆ. ಫೈಬರ್ ಊರಿಗೆ ಬಂದಿರುತ್ತದೆ, ಪಂಚಾಯತಿ ಕಟ್ಟಡದ ಗೋಡೆಯವರೆಗೂ ಬಂದಿರುತ್ತದೆ. ಆದರೆ ಎದುರಿನ ಶಾಲೆಗೆ ಬಂದಿರುವುದಿಲ್ಲ, ಪಕ್ಕದ ಓಣಿಯ ಮನೆಗೂ ಬಂದಿರುವುದಿಲ್ಲ. ನಗರದಲ್ಲಿಯೂ ಸ್ಥಿತಿ ಬೇರೆಯಲ್ಲ. ‘ಫೈಬರ್ ಇಂಟರ್‌ನೆಟ್’ ಎಂಬ ಫಲಕ ಗಲ್ಲಿಯ ತುದಿಯಲ್ಲಿ ತೂಗುತ್ತಿರುತ್ತದೆ. ಮನೆಯೊಳಗೆ ಬರುವುದು ಮಾತ್ರ ಹಳೆಯ ತಾಮ್ರದ ತಂತಿಯೇ ಆಗಿರುತ್ತದೆ. ಆದುದರಿಂದ ಮನೆಯ ಅಥವಾ ಕಚೇರಿಯ ಸಂಪರ್ಕವನ್ನು ಬದಲಾಯಿಸುವವರು ದರಕ್ಕಿಂತ, ವೇಗಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಫೈಬರ್ ಎಲ್ಲಿಗೆ ಬಂದು ನಿಂತಿದೆ?

1. ತಂತಿಯ ವಿಧಗಳು

ಮನೆಗೆ ಅಂತರ್ಜಾಲ ತಲುಪಿಸುವ ತಂತಿಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ದೂರವಾಣಿಯ ತಾಮ್ರದ ಜೋಡಿ ತಂತಿ. ಭಾರತ ಸಂಚಾರ ನಿಗಮವು 2005ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಸೇವೆ ಆರಂಭಿಸಿದ್ದು ಇದೇ ತಂತಿಯ ಮೇಲೆ. ಈ ವಿಧಾನಕ್ಕೆ ಡಿಎಸ್‌ಎಲ್ ಎಂದು ಹೆಸರು. ಆಗ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೂ ಅದನ್ನು ಬ್ರಾಡ್‌ಬ್ಯಾಂಡ್ ಎಂದು ಪರಿಗಣಿಸಲಾಗುತ್ತಿತ್ತು. 2013ರಲ್ಲಿ ಆ ಕನಿಷ್ಠ ಮಿತಿಯನ್ನು 512 ಕಿಲೋಬಿಟ್‌ಗೂ, 2023ರಲ್ಲಿ 2 ಮೆಗಾಬಿಟ್‌ಗೂ ಏರಿಸಲಾಯಿತು. ತಾಮ್ರದ ದೋಷವೆಂದರೆ ದೂರ ಹೆಚ್ಚಿದಂತೆ ಸಂಕೇತ ಸೊರಗುತ್ತದೆ. ಎಡಿಎಸ್‌ಎಲ್ 2 ಪ್ಲಸ್ ಎಂಬ ವಿಧಾನದಲ್ಲಿ ದೂರವಾಣಿ ವಿನಿಮಯ ಕೇಂದ್ರದ ಬಳಿ ಇರುವ ಮನೆಗೆ 20 ಮೆಗಾಬಿಟ್‌ಗೂ ಹೆಚ್ಚು ವೇಗ ದೊರೆತರೆ, ಐದು ಕಿಲೋಮೀಟರ್ ದೂರದ ಮನೆಗೆ ಒಂದೆರಡು ಮೆಗಾಬಿಟ್ ದೊರೆಯುವುದೂ ಕಷ್ಟ. ಇಬ್ಬರೂ ಕಟ್ಟುವ ಹಣ ಮಾತ್ರ ಒಂದೇ.

ಎರಡನೆಯದು ಕೇಬಲ್. ದೂರದರ್ಶನ ವಾಹಿನಿಗಳನ್ನು ತರುವ ದಪ್ಪ ಕೇಬಲ್ಲಿನಲ್ಲಿಯೇ ಅಂತರ್ಜಾಲವನ್ನೂ ಕಳುಹಿಸುವುದು ಒಂದು ಪದ್ಧತಿ. ಮಹಡಿಯಿಂದ ಮಹಡಿಗೆ ಕಂಪ್ಯೂಟರ್ ಜಾಲದ ತಂತಿಯನ್ನು ಎಳೆದು, ನಡುನಡುವೆ ಸ್ವಿಚ್ ಪೆಟ್ಟಿಗೆಗಳನ್ನು ಕೂರಿಸುವುದು ಇನ್ನೊಂದು ಪದ್ಧತಿ. ಈ ಎರಡನೆಯ ತಂತಿಯ ಒಂದು ತುಂಡು 100 ಮೀಟರ್‌ಗಿಂತ ಉದ್ದವಿರುವಂತಿಲ್ಲ. ಆದ್ದರಿಂದ ಒಂದು ಗಲ್ಲಿಗೆ ಹಲವು ಪೆಟ್ಟಿಗೆಗಳು ಬೇಕಾಗುತ್ತವೆ. ಪ್ರತಿಯೊಂದು ಪೆಟ್ಟಿಗೆಗೂ ವಿದ್ಯುತ್ ಬೇಕು. ಆ ವಿದ್ಯುತ್ತು ಸಾಮಾನ್ಯವಾಗಿ ಯಾರದೋ ಮನೆಯಿಂದ ಬರುತ್ತದೆ. ಆ ಮನೆಯವರು ಬೀಗ ಹಾಕಿ ಊರಿಗೆ ಹೋದರೆ ಅಥವಾ ಗುಂಡಿ ಆರಿಸಿದರೆ ಇಡೀ ಗಲ್ಲಿಯ ಸಂಪರ್ಕ ನಿಲ್ಲುತ್ತದೆ. ಇದಲ್ಲದೆ ಸಂಜೆ ಎಲ್ಲ ಮನೆಗಳವರೂ ಒಮ್ಮೆಗೇ ಬಳಸಿದಾಗ ವೇಗ ಕುಸಿಯುವುದು ಕೇಬಲ್ ಬಳಕೆದಾರರ ಸಾಮಾನ್ಯ ಅನುಭವ.

ಮೂರನೆಯದು ಆಪ್ಟಿಕಲ್ ಫೈಬರ್. ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯೊಳಗೆ ಬೆಳಕು ಸಾಗುತ್ತದೆ. ಮನೆಯವರೆಗೆ ಫೈಬರ್ ತರಲು ಹೆಚ್ಚಾಗಿ ಬಳಕೆಯಲ್ಲಿರುವ ಜಿಪಾನ್ ವಿಧಾನದಲ್ಲಿ ಕೇಂದ್ರದ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚಲಾಗುತ್ತದೆ. ಸುಮಾರು 20 ಕಿಲೋಮೀಟರ್ ದೂರದವರೆಗೆ ಅದು ಕೆಲಸ ಮಾಡುತ್ತದೆ. ಆ ಒಂದು ಎಳೆಯಲ್ಲಿ ಕೇಂದ್ರದಿಂದ ಮನೆಗಳ ಕಡೆಗೆ ಸೆಕೆಂಡಿಗೆ ಸುಮಾರು 2,500 ಮೆಗಾಬಿಟ್ ಹರಿಯಬಲ್ಲದು. ಮೂವತ್ತೆರಡು ಮನೆಗಳೂ ಒಂದೇ ಕ್ಷಣದಲ್ಲಿ ಪೂರ್ಣ ಬಳಸಿದರೂ ಒಂದೊಂದಕ್ಕೆ 75 ಮೆಗಾಬಿಟ್‌ಗೂ ಹೆಚ್ಚು ಪಾಲು ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕೇಂದ್ರಕ್ಕೂ ಮನೆಗೂ ನಡುವೆ ವಿದ್ಯುತ್ ಬೇಡುವ ಯಾವ ಪೆಟ್ಟಿಗೆಯೂ ಇರುವುದಿಲ್ಲ. ಹಂಚುವ ಕೆಲಸವನ್ನು ಗಾಜೇ ಮಾಡುತ್ತದೆ.

ಇವುಗಳ ನಡುವೆ ಒಂದು ಮಿಶ್ರ ವಿಧಾನವಿದೆ. ಫೈಬರನ್ನು ಬೀದಿಯ ಪೆಟ್ಟಿಗೆಯವರೆಗೆ ಅಥವಾ ಗ್ರಾಮದ ವಿನಿಮಯ ಕೇಂದ್ರದವರೆಗೆ ತಂದು, ಅಲ್ಲಿಂದ ಮನೆಗೆ ಹಳೆಯ ತಾಮ್ರದ ಜೋಡಿ ತಂತಿಯನ್ನೇ ಮುಂದುವರಿಸುವುದು. ಇದನ್ನು ಫೈಬರ್ ಆಧಾರಿತ ಡಿಎಸ್‌ಎಲ್ ಎನ್ನಬಹುದು. ಯುರೋಪಿನ ಹಲವು ದೇಶಗಳು ತಾಮ್ರವನ್ನು ಕೀಳದೆ ವೇಗ ಹೆಚ್ಚಿಸಿಕೊಂಡದ್ದು ಈ ದಾರಿಯಿಂದಲೇ. ತಾಮ್ರದ ಭಾಗ ಕೆಲವು ನೂರು ಮೀಟರ್ ಮಾತ್ರವಿದ್ದು, ತಂತಿ ಸುಸ್ಥಿತಿಯಲ್ಲಿದ್ದರೆ, ಹೊಸ ಬಗೆಯ ಡಿಎಸ್‌ಎಲ್‌ನಲ್ಲಿ 50ರಿಂದ 100 ಮೆಗಾಬಿಟ್ ವೇಗವೂ ಸಾಧ್ಯ. ತಾಮ್ರದ ಭಾಗ ಒಂದೂವರೆ ಕಿಲೋಮೀಟರ್ ದಾಟಿದರೆ ಆ ಲಾಭ ಬಹುಮಟ್ಟಿಗೆ ಕರಗಿಹೋಗುತ್ತದೆ.

ಮಲಪ್ರಭೆ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತಾಳೆ. ನವಿಲುತೀರ್ಥದ ಅಣೆಕಟ್ಟೆಯಿಂದ ಕಾಲುವೆಗಳಿಗೆ ಹರಿಯುತ್ತಾಳೆ. ಮುಖ್ಯ ಕಾಲುವೆ ತುಂಬಿ ಹರಿದರೂ ಹೊಲಗಾಲುವೆ ಒಡೆದಿದ್ದರೆ ಕೊನೆಯ ಭಾಗದ ರೈತನಿಗೆ ನೀರು ದಕ್ಕುವುದಿಲ್ಲವೆಂಬುದನ್ನು ಈ ಜಿಲ್ಲೆಯ ಜನರಿಗೆ ವಿವರಿಸಬೇಕಿಲ್ಲ. ಅಂತರ್ಜಾಲದ ಕಥೆಯೂ ಅಷ್ಟೇ. ಮುಖ್ಯ ಮಾರ್ಗ ಎಷ್ಟೇ ದೊಡ್ಡದಿರಲಿ, ಮನೆಗೆ ಸಿಗುವುದು ಕೊನೆಯ ತುಂಡು ಬಿಟ್ಟುಕೊಟ್ಟಷ್ಟೇ.

2. ಬೆಳಗಾವಿ ನಗರದ ಮನೆಗಳು

ನಗರದಲ್ಲಿ ಆಯ್ಕೆಗಳಿಗೆ ಕೊರತೆಯಿಲ್ಲ. ಟಿಳಕವಾಡಿ, ಹಿಂದವಾಡಿಯಂಥ ಬಡಾವಣೆಗಳಲ್ಲಾಗಲಿ, ಶಹಾಪುರ, ವಡಗಾವಿಯ ಒತ್ತೊತ್ತಾದ ಗಲ್ಲಿಗಳಲ್ಲಾಗಲಿ ಕೇಬಲ್‌ನಿಂದ ಫೈಬರ್‌ಗೆ ಬದಲಾಗಬಯಸುವವರು ಈ ಕೆಳಗಿನ ವಿಷಯಗಳನ್ನು ಪರಿಶೀಲಿಸುವುದು ಒಳಿತು.

ಮೊದಲನೆಯದಾಗಿ, ಮನೆಯೊಳಗೆ ಬರುವ ತಂತಿ ಯಾವುದು? ತೆಳ್ಳನೆಯ ಗಾಜಿನ ಎಳೆಯ ತಂತಿ ನೇರವಾಗಿ ಮನೆಯ ಉಪಕರಣಕ್ಕೆ ಸೇರಿದರೆ ಅದು ಮನೆಯವರೆಗಿನ ಫೈಬರ್. ಕಟ್ಟಡದ ಕೆಳಗೋ ಮಹಡಿಯ ಮೇಲೋ ಫೈಬರ್ ನಿಂತು, ಅಲ್ಲಿಂದ ಬೇರೆ ತಂತಿ ಬಂದರೆ ಅದು ಅರ್ಧ ದಾರಿಯ ಫೈಬರ್. ಅದು ಕೆಟ್ಟದ್ದೆಂದಲ್ಲ, ಆದರೆ ನಡುವಿನ ಪೆಟ್ಟಿಗೆಗೆ ವಿದ್ಯುತ್ ಎಲ್ಲಿಂದ ಬರುತ್ತದೆ, ಬ್ಯಾಟರಿ ಇದೆಯೇ ಎಂಬುದನ್ನು ಕೇಳಿ ತಿಳಿಯಬೇಕು.

ಎರಡನೆಯದಾಗಿ, ಪ್ರಚಾರದ ದರಕ್ಕೂ ಬಿಲ್ಲಿನ ಮೊತ್ತಕ್ಕೂ ವ್ಯತ್ಯಾಸವಿರುತ್ತದೆ. ದೂರಸಂಪರ್ಕ ಸೇವೆಗೆ ಶೇಕಡಾ 18ರ ಸರಕು ಮತ್ತು ಸೇವಾ ತೆರಿಗೆ ಇದೆ. ತೆರಿಗೆ ಹೊರತಾಗಿ ₹499 ಎಂದು ನಮೂದಿಸಿದ ಯೋಜನೆಗೆ ತಿಂಗಳಿಗೆ ಸುಮಾರು ₹589 ಕಟ್ಟಬೇಕಾಗುತ್ತದೆ. ಉಪಕರಣ ಯಾರ ಸ್ವತ್ತು, ಠೇವಣಿ ಮರಳುವುದೇ, ನಿಗದಿತ ಡೇಟಾ ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯತಕ್ಕದ್ದು.

ಮೂರನೆಯದಾಗಿ, ಹೊಸ ಸಂಪರ್ಕ ಬಂದ ದಿನವೇ ಹಳೆಯದನ್ನು ಕಡಿದುಹಾಕಬಾರದು. ಒಂದು ತಿಂಗಳು ಎರಡನ್ನೂ ಇಟ್ಟುಕೊಂಡು, ಸಾಧ್ಯವಾದರೆ ಒಂದು ಜೋರು ಮಳೆ ಕಳೆದ ಮೇಲೆ ಹಳೆಯದನ್ನು ಬಿಡುವುದು ಜಾಣತನ. ಬಿಡುವಾಗ ಉಪಕರಣ ಮರಳಿಸಿದ್ದಕ್ಕೆ ರಶೀದಿ ಪಡೆಯಬೇಕು. ಹಳೆಯ ಸ್ಥಿರ ದೂರವಾಣಿ ಸಂಖ್ಯೆ ಬಂಧುಬಳಗಕ್ಕೂ ಬ್ಯಾಂಕಿಗೂ ತಿಳಿದಿರುವ ಸಂಖ್ಯೆಯಾಗಿದ್ದರೆ, ಅದೇ ಸಂಖ್ಯೆ ಫೈಬರ್ ಮೇಲೆಯೂ ಮುಂದುವರಿಯುವುದೇ ಎಂದು ಮೊದಲೇ ವಿಚಾರಿಸಬೇಕು. ಮೊಬೈಲ್ ಸಂಖ್ಯೆಯಂತೆ ಸ್ಥಿರ ದೂರವಾಣಿ ಸಂಖ್ಯೆಯನ್ನು ಕಂಪನಿಯಿಂದ ಕಂಪನಿಗೆ ಒಯ್ಯುವ ವ್ಯವಸ್ಥೆ ಇಲ್ಲ.

ನಾಲ್ಕನೆಯದಾಗಿ, ವೇಗವನ್ನು ಅಳೆಯುವಾಗ ಉಪಕರಣದಿಂದ ಕಂಪ್ಯೂಟರ್‌ಗೆ ತಂತಿ ಜೋಡಿಸಿ ಅಳೆಯಬೇಕು. ವೈಫೈ ಮೇಲೆ ಕಡಿಮೆ ವೇಗ ಕಂಡರೆ ತಪ್ಪು ಫೈಬರಿನದ್ದಾಗಿರಬೇಕೆಂದಿಲ್ಲ. ಹಳೆಯ ಮನೆಗಳ ಕಲ್ಲಿನ, ಮಣ್ಣಿನ ದಪ್ಪ ಗೋಡೆಗಳು ವೈಫೈ ತರಂಗಗಳನ್ನು ಹೀರಿಕೊಳ್ಳುತ್ತವೆ. ಉಪಕರಣವನ್ನು ಮನೆಯ ನಡುವೆ, ಎತ್ತರದಲ್ಲಿ ಇಟ್ಟರೆ ಅರ್ಧ ದೂರು ತಾನಾಗಿ ನಿವಾರಣೆಯಾಗುತ್ತದೆ.

3. ಖಾನಾಪುರದ ಹಾದಿ

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವಷ್ಟರಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. ನಗರದಲ್ಲಿ ಯಾವ ಕಂಪನಿ ಎಂಬುದು ಚರ್ಚೆ. ಜಾಂಬೋಟಿ, ಕಣಕುಂಬಿ, ಲೋಂಡಾ, ನಾಗರಗಾಳಿಯ ಕಡೆ ಸಂಪರ್ಕ ಉಂಟೋ ಇಲ್ಲವೋ ಎಂಬುದೇ ಚರ್ಚೆ. ಸಹ್ಯಾದ್ರಿಯ ಅಂಚಿನ ಈ ತಾಲ್ಲೂಕಿನಲ್ಲಿ ಮನೆಗಳು ಚದುರಿವೆ, ಕಾಡು ದಟ್ಟವಾಗಿದೆ, ಮಳೆ ತಿಂಗಳುಗಟ್ಟಲೆ ಸುರಿಯುತ್ತದೆ. ತಾಮ್ರದ ತಂತಿಯ ಜೋಡಣೆಗಳಲ್ಲಿ ನೀರು ಸೇರಿ ತುಕ್ಕು ಹಿಡಿಯುತ್ತದೆ. ಸಿಡಿಲು ಬಿದ್ದರೆ ಅದೇ ತಂತಿಯ ಮೂಲಕ ಮನೆಯ ಉಪಕರಣ ಸುಡುತ್ತದೆ. ಗಾಜಿಗೆ ತುಕ್ಕಿಲ್ಲ, ಗಾಜು ವಿದ್ಯುತ್ತನ್ನು ಒಯ್ಯುವುದೂ ಇಲ್ಲ. ಮಳೆನಾಡಿಗೆ ಫೈಬರ್ ಸೂಕ್ತವೆನ್ನಲು ಇದೇ ಬಲವಾದ ಕಾರಣ. ಆದರೆ ಕೆಲವು ಫೈಬರ್ ತಂತಿಗಳಲ್ಲಿ ಆಧಾರಕ್ಕಾಗಿ ಉಕ್ಕಿನ ಎಳೆ ಇರುತ್ತದೆ. ಆ ಎಳೆಯನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸುವಂತೆ ಕೆಲಸಗಾರರಿಗೆ ಸೂಚಿಸುವುದನ್ನು ಮರೆಯಬಾರದು.

ದೇಶದ ಎಲ್ಲ ಗ್ರಾಮ ಪಂಚಾಯತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂದಿದ್ದ ಅದರ ಹೆಸರು ಅನಂತರ ಭಾರತ್‌ನೆಟ್ ಎಂದಾಯಿತು. 2017ರ ಡಿಸೆಂಬರ್ ವೇಳೆಗೆ ಮೊದಲ ಹಂತದಲ್ಲಿ ಒಂದು ಲಕ್ಷ ಪಂಚಾಯತಿಗಳಿಗೆ ಸಂಪರ್ಕ ತಲುಪಿತು. ಒಂದು ಪಂಚಾಯತಿಗೆ 100 ಮೆಗಾಬಿಟ್ ಎಂಬುದು ಗುರಿಯಾಗಿತ್ತು. ಈ ಹಂತದ ಜಾಲ ಮರದ ಕೊಂಬೆಗಳಂತೆ ಒಂದೇ ದಿಕ್ಕಿನಲ್ಲಿ ಚಾಚಿತ್ತು. ನಡುವೆ ಒಂದು ಕಡೆ ತಂತಿ ತುಂಡಾದರೆ ಅದರಾಚೆಗಿನ ಪಂಚಾಯತಿಗಳೆಲ್ಲ ಕತ್ತಲಿಗೆ ಬೀಳುತ್ತಿದ್ದವು.

ಈ ಕೊರತೆಯನ್ನು ನೀಗಿಸಲು 2023ರ ಆಗಸ್ಟ್‌ನಲ್ಲಿ ₹1,39,579 ಕೋಟಿ ವೆಚ್ಚದ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮಕ್ಕೆ ಅನುಮೋದನೆ ದೊರೆಯಿತು. ಇದರಲ್ಲಿ ಪಂಚಾಯತಿಗಳನ್ನು ಉಂಗುರದಾಕಾರದಲ್ಲಿ ಬೆಸೆಯಲಾಗುತ್ತದೆ. ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸಂಕೇತ ಸುತ್ತಿಬರುತ್ತದೆ. ಉಪಕರಣಗಳಿಗೆ ವಿದ್ಯುತ್ ಬೆಂಬಲ, ಹತ್ತು ವರ್ಷಗಳ ನಿರ್ವಹಣೆ, ಪಂಚಾಯತಿ ಕೇಂದ್ರವಲ್ಲದ ಇತರ ಗ್ರಾಮಗಳಿಗೆ ಬೇಡಿಕೆಯ ಮೇರೆಗೆ ಸಂಪರ್ಕ ಹಾಗೂ ಒಂದೂವರೆ ಕೋಟಿ ಗ್ರಾಮೀಣ ಮನೆಗಳಿಗೆ ಫೈಬರ್ ನೀಡುವುದು ಇದರ ಉದ್ದೇಶಗಳು. ‘ಬೇಡಿಕೆಯ ಮೇರೆಗೆ’ ಎಂಬ ಮಾತನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಕೇಳದ ಊರಿಗೆ ಅದು ತಾನಾಗಿ ಬರುವುದಿಲ್ಲ.

ರೈಲು ಹಳಿಯ ಪಕ್ಕದ ಊರುಗಳು ಇನ್ನೊಂದು ಸಾಧ್ಯತೆಯನ್ನು ವಿಚಾರಿಸಬಹುದು. ರೈಲ್ವೆಯ ಅಂಗಸಂಸ್ಥೆಯಾದ ರೈಲ್‌ಟೆಲ್ ಹಳಿಗಳುದ್ದಕ್ಕೂ ಫೈಬರ್ ಜಾಲ ಹೊಂದಿದ್ದು, ಸ್ಥಳೀಯ ಕೇಬಲ್ ನಿರ್ವಾಹಕರ ಸಹಯೋಗದಲ್ಲಿ ರೈಲ್‌ವೈರ್ ಹೆಸರಿನಿಂದ ಮನೆಗಳಿಗೆ ಸೇವೆ ನೀಡುತ್ತದೆ. ಬೆಳಗಾವಿ, ಖಾನಾಪುರ, ಲೋಂಡಾ ಮೂರೂ ರೈಲು ಮಾರ್ಗದ ಮೇಲಿರುವ ಊರುಗಳೇ.

ಭೀಮಗಡ ವನ್ಯಜೀವಿ ಧಾಮ 2011ರಲ್ಲಿ ಘೋಷಣೆಯಾಗಿದೆ. ಅದರೊಳಗಿನ ಹಾಗೂ ಅಂಚಿನ ಜನವಸತಿಗಳಲ್ಲಿ ಕಂಬ ನೆಡುವುದಕ್ಕೂ ಕಂದಕ ತೋಡುವುದಕ್ಕೂ ಅರಣ್ಯ ಕಾನೂನುಗಳ ಅನುಮತಿ ಬೇಕು. ಅಂಥ ಕಡೆ ಮನೆಯವರೆಗಿನ ಫೈಬರ್ ಬೇಗ ಬರುವುದೆಂದು ಭರವಸೆ ಕೊಡುವುದು ನ್ಯಾಯವಲ್ಲ. ಮೊಬೈಲ್ ಗೋಪುರ ಅಥವಾ ಉಪಗ್ರಹದ ದಾರಿಯೇ ಅಲ್ಲಿ ಸದ್ಯದ ಆಸರೆ. ಗೋಪುರವಿಲ್ಲದ ಗ್ರಾಮಗಳಿಗೆ 4ಜಿ ಸೇವೆ ಒದಗಿಸುವ ಯೋಜನೆಗೆ ಕೇಂದ್ರವು 2022ರ ಜುಲೈನಲ್ಲಿ ಅನುಮೋದನೆ ನೀಡಿದೆ.

4. ಏನು ಪಣಕ್ಕಿದೆ?

ಸಂಪರ್ಕ ನಿಂತಾಗ ನಿಲ್ಲುವುದು ಸಿನಿಮಾ ನೋಡುವುದಷ್ಟೇ ಅಲ್ಲ. ಬಾಪೂಜಿ ಸೇವಾ ಕೇಂದ್ರದ ಅರ್ಜಿ, ಇ-ಸ್ವತ್ತಿನ ನಮೂನೆ 9 ಮತ್ತು 11, ಪಡಿತರಕ್ಕೆ ಬೆರಳಚ್ಚು, ವಿದ್ಯಾರ್ಥಿವೇತನದ ಅರ್ಜಿ, ಪಹಣಿ ಇವೆಲ್ಲವೂ ಇಂದು ತಂತಿಯ ಮೇಲೆ ನಿಂತಿವೆ. ಕಾಡಂಚಿನ ಊರಿನಿಂದ ಒಬ್ಬ ಕೂಲಿಕಾರ್ಮಿಕ ಮಹಿಳೆ ಪಂಚಾಯತಿ ಕಚೇರಿಗೆ ನಡೆದು ಬಂದು, ‘ಇಂದು ನೆಟ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳಿ ಮರಳಿದರೆ, ಆಕೆ ಕಳೆದುಕೊಳ್ಳುವುದು ಒಂದು ದಿನದ ಕೂಲಿ. ಮರುದಿನವೂ ಅದೇ ಮಾತಾದರೆ ಎರಡು ದಿನದ ಕೂಲಿ. ಈ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ಅರಿವು ಕೇಂದ್ರದ ಗಣಕಯಂತ್ರದ ಮುಂದೆ ಕೂರುವ ಮಗುವಿನ ನಷ್ಟವಂತೂ ವರ್ಷಗಳ ಮೇಲೆ ಕಾಣಿಸುತ್ತದೆ.

5. ಫೈಬರಿನ ಮಿತಿಗಳು

ಫೈಬರ್ ಸರ್ವರೋಗ ನಿವಾರಕವಲ್ಲ. ಹಳೆಯ ತಾಮ್ರದ ದೂರವಾಣಿಗೆ ವಿನಿಮಯ ಕೇಂದ್ರದ ಬ್ಯಾಟರಿಯಿಂದಲೇ ವಿದ್ಯುತ್ ಬರುತ್ತಿತ್ತು; ಮನೆಯಲ್ಲಿ ದೀಪ ಹೋದರೂ ಫೋನು ಮಾತಾಡುತ್ತಿತ್ತು. ಗಾಜು ವಿದ್ಯುತ್ ತರುವುದಿಲ್ಲವಾದ್ದರಿಂದ ಮನೆಯ ಉಪಕರಣಕ್ಕೆ ಮನೆಯ ವಿದ್ಯುತ್ತೇ ಬೇಕು. ಮಳೆಗಾಲದಲ್ಲಿ ಮರ ಉರುಳಿ ವಿದ್ಯುತ್ ಕಡಿತವಾದ ರಾತ್ರಿ, ಆಂಬುಲೆನ್ಸ್ ಕರೆಯಬೇಕಾದ ಹೊತ್ತಿನಲ್ಲಿಯೇ ಫೋನು ಮೂಕವಾಗಬಹುದು. ಹಿರಿಯರು, ರೋಗಿಗಳು, ಗರ್ಭಿಣಿಯರು ಇರುವ ಮನೆಯವರು ಈ ಅಂಶವನ್ನು ಮೊದಲೇ ಯೋಚಿಸಬೇಕು. ಉಪಕರಣ ಬಳಸುವುದು ಸುಮಾರು 10ರಿಂದ 15 ವಾಟ್ ಮಾತ್ರ. ಸಣ್ಣ ಬ್ಯಾಟರಿ ಪೆಟ್ಟಿಗೆಯೊಂದು ಕೆಲವು ಗಂಟೆ ಅದನ್ನು ನಡೆಸುತ್ತದೆ. ಆ ಪೆಟ್ಟಿಗೆಯ ಬೆಲೆಯನ್ನೂ ಸಂಪರ್ಕದ ಖರ್ಚಿನಲ್ಲಿಯೇ ಸೇರಿಸಿ ಲೆಕ್ಕ ಹಾಕುವುದು ಸರಿ.

ಫೈಬರ್ ತುಂಡಾದರೆ ತಾಮ್ರದಂತೆ ತಿರುಚಿ ಜೋಡಿಸಲಾಗದು. ಅದಕ್ಕೆ ಯಂತ್ರವೂ ನುರಿತ ಕೈಯೂ ಬೇಕು. ತಂತಿಯನ್ನು ಮೊಳೆಗೆ ಸುತ್ತುವುದು, ಬಾಗಿಲ ಸಂದಿಯಲ್ಲಿ ಅದುಮುವುದು, ಚೂಪಾಗಿ ಮಡಿಸುವುದು ಕೂಡದು. ಮಡಿಕೆಯಲ್ಲಿ ಬೆಳಕು ಸೋರಿಹೋಗುತ್ತದೆ. ತೆರೆದ ತುದಿಯನ್ನು ಕಣ್ಣಿಗೆ ಹಿಡಿದು ನೋಡಲೇಬಾರದು. ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಹಾನಿ ಮಾಡಬಲ್ಲದು. ಉಪಕರಣದ ಮೇಲೆ ‘ಲಾಸ್’ ಎಂದು ಗುರುತಿಸಿದ ಕೆಂಪು ದೀಪ ಮಿನುಗಿದರೆ ದೋಷ ಹೊರಗಿನ ತಂತಿಯಲ್ಲಿದೆ ಎಂದರ್ಥ. ದೂರು ನೀಡುವಾಗ ಇದನ್ನು ತಿಳಿಸಿದರೆ ದುರಸ್ತಿಯವರು ಸರಿಯಾದ ಸಲಕರಣೆಯೊಂದಿಗೆ ಬರುತ್ತಾರೆ.

ಸಂಪರ್ಕ ನೀಡಿದ ದಿನ ಬೆಳಕಿನ ಮಟ್ಟವನ್ನು ಮಾಪಕದಲ್ಲಿ ಅಳೆಯಿಸಿ ಬರೆದಿಟ್ಟುಕೊಳ್ಳುವುದು ಉತ್ತಮ ಅಭ್ಯಾಸ. ಸಾಮಾನ್ಯ ಜಿಪಾನ್ ಉಪಕರಣಕ್ಕೆ ಮೈನಸ್ 27 ಡಿಬಿಎಂ ಕೊನೆಯ ಮಿತಿ. ಬೇಸಿಗೆಯಲ್ಲಿಯೇ ಮೈನಸ್ 26 ತೋರಿಸುವ ಮನೆಯಲ್ಲಿ ಮಳೆಗಾಲಕ್ಕೆ ಸಂಪರ್ಕ ಕೈಕೊಡುವ ಸಂಭವ ಹೆಚ್ಚು. ಮೈನಸ್ 20ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ.

6. ಗ್ರಾಮ ಪಂಚಾಯತಿಗಳು ಮಾಡಬಹುದಾದ ಕಾರ್ಯ

ಒಂದು: ಕುಡಿಯುವ ನೀರಿನ ಕೊಳವೆ, ಚರಂಡಿ, ರಸ್ತೆ ಕಾಮಗಾರಿಗಳಲ್ಲಿ ಜೆಸಿಬಿಯ ಹಲ್ಲಿಗೆ ಸಿಕ್ಕಿ ಫೈಬರ್ ತುಂಡಾಗುವುದು ಎಲ್ಲೆಡೆ ಕಂಡುಬರುವ ಸಂಗತಿ. ನೆಲ ಅಗೆಯುವ ಮುನ್ನ ನೆಲದಡಿಯ ತಂತಿಗಳ ಒಡೆಯರಿಗೆ ಸೂಚನೆ ನೀಡುವುದನ್ನು 2023ರ ಜನವರಿಯಲ್ಲಿ ಪ್ರಕಟವಾದ ಕೇಂದ್ರದ ನಿಯಮಗಳು ಕಡ್ಡಾಯಗೊಳಿಸಿವೆ. ಅದಕ್ಕಾಗಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಅದೇ ವರ್ಷದ ಮಾರ್ಚ್‌ನಲ್ಲಿ ಬಿಡುಗಡೆಯಾಗಿದೆ. ಗುತ್ತಿಗೆದಾರರಿಗೆ ಕಾರ್ಯಾದೇಶ ನೀಡುವಾಗ ಈ ಷರತ್ತನ್ನು ಸೇರಿಸಿದರೆ ಪಂಚಾಯತಿಗೆ ಒಂದು ಪೈಸೆಯ ಖರ್ಚೂ ಇಲ್ಲ.

ಎರಡು: ಪಂಚಾಯತಿ ಕಟ್ಟಡದಲ್ಲಿರುವ ಫೈಬರ್ ಉಪಕರಣದ ಗುಂಡಿಯನ್ನು ಸಂಜೆ ಕಚೇರಿ ಮುಚ್ಚುವಾಗ ಆರಿಸಬಾರದು. ಅದರಿಂದ ಮುಂದೆ ಶಾಲೆಗೋ ಮನೆಗಳಿಗೋ ಸಂಪರ್ಕ ಹೋಗಿದ್ದರೆ ಅವರೆಲ್ಲರ ಸೇವೆಯೂ ನಿಲ್ಲುತ್ತದೆ. ಆ ಕೊಠಡಿಯ ಬೀಗದ ಕೈ ಯಾರ ಬಳಿ ಇದೆ ಎಂಬುದು ಕನಿಷ್ಠ ಇಬ್ಬರಿಗೆ ತಿಳಿದಿರಬೇಕು.

ಮೂರು: ಸಂಪರ್ಕ ನಿಂತ ದಿನಾಂಕ, ಸಮಯ, ದೂರು ಸಂಖ್ಯೆ, ಮರಳಿದ ಸಮಯ ಈ ನಾಲ್ಕು ಅಂಕಣಗಳ ಒಂದು ವಹಿಯನ್ನು ಇಡಬೇಕು. ‘ಯಾವಾಗಲೂ ನೆಟ್ ಇರುವುದಿಲ್ಲ’ ಎಂಬ ಮಾತಿಗಿಂತ ಇಂಥ ಒಂದು ಪುಟ ಮೇಲಧಿಕಾರಿಗಳ ಮುಂದೆ ಹೆಚ್ಚು ಮಾತಾಡುತ್ತದೆ. ಮನೆಯ ಗ್ರಾಹಕರಿಗೂ ಇದೇ ಸಲಹೆ. ಪ್ರತಿ ದೂರಿಗೂ ಸಂಖ್ಯೆ ಪಡೆಯಬೇಕು. ಪರಿಹಾರ ಸಿಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಸಹ ಇದೆ.

ನಾಲ್ಕು: ಗ್ರಾಮಸಭೆಯಲ್ಲಿ ಫೈಬರ್ ವಿಷಯವನ್ನು ಪ್ರತ್ಯೇಕವಾಗಿ ಚರ್ಚಿಸಿ, ಯಾವ ಊರಿನ ಎಷ್ಟು ಮನೆಗಳು, ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರಗಳು ಸಂಪರ್ಕ ಬಯಸುತ್ತವೆ ಎಂಬ ಪಟ್ಟಿಯನ್ನು ಠರಾವಿನೊಂದಿಗೆ ಕಳುಹಿಸಬೇಕು. ಬೇಡಿಕೆಯ ಮೇರೆಗೆ ಬರುವ ಸೌಲಭ್ಯಕ್ಕೆ ಬೇಡಿಕೆಯೇ ಮೊದಲ ಕಂಬ.

ಐದು: ಮಾರ್ಗದ ಹಕ್ಕಿನ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ. ಕಂಬ, ಕಂದಕಗಳ ಅನುಮತಿ ಅರ್ಜಿಗಳನ್ನು ಕಾಲಮಿತಿಯೊಳಗೆ ಇತ್ಯರ್ಥಗೊಳಿಸಬೇಕು. ಕಾಮಗಾರಿ ಮುಗಿದ ಮೇಲೆ ರಸ್ತೆಯನ್ನು ಮೊದಲಿನ ಸ್ಥಿತಿಗೆ ತರಿಸಿಕೊಳ್ಳುವುದೂ ಪಂಚಾಯತಿಯ ಹೊಣೆ.

ತಾಮ್ರದ ಕಾಲ ಮುಗಿಯುತ್ತ ಬಂದಿದೆ. ಬರುವ ವರ್ಷಗಳಲ್ಲಿ ಬಹುತೇಕ ಮನೆಗಳು ಒಂದಿಲ್ಲೊಂದು ದಿನ ತಂತಿ ಬದಲಾಯಿಸುವುದು ಅನಿವಾರ್ಯ. ಆ ದಿನ ಫಲಕದ ಮೇಲಿನ ಅಕ್ಷರಗಳನ್ನು ನೋಡಿ ಸಹಿ ಹಾಕುವ ಬದಲು, ತಂತಿಯ ಜಾಡು ಹಿಡಿದು ಹತ್ತು ಹೆಜ್ಜೆ ನಡೆದು, ಗಾಜು ಎಲ್ಲಿಯವರೆಗೆ ಬಂದಿದೆ, ತಾಮ್ರ ಎಲ್ಲಿಂದ ಆರಂಭವಾಗುತ್ತದೆ, ನಡುವಿನ ಪೆಟ್ಟಿಗೆಗೆ ವಿದ್ಯುತ್ ಕೊಡುವವರು ಯಾರು ಎಂದು ಕಣ್ಣಾರೆ ನೋಡಿದವರು ಮುಂದೆ ಪಶ್ಚಾತ್ತಾಪ ಪಡುವುದಿಲ್ಲ. ಮನೆಗೆ ಅನ್ವಯಿಸುವ ಈ ಮಾತು ಪಂಚಾಯತಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ಕಚೇರಿಯ ಗೋಡೆಗೆ ಬಂದು ನಿಂತ ಬೆಳಕಿನ ಎಳೆಯನ್ನು ಶಾಲೆಗೆ, ಅಂಗನವಾಡಿಗೆ, ಕೊನೆಯ ಓಣಿಯ ಕೊನೆಯ ಮನೆಗೆ ಮುಟ್ಟಿಸುವ ಹೊಣೆ ಸಭೆಯಲ್ಲಿ ಆಸೀನರಾಗಿರುವ ಪ್ರತಿನಿಧಿಗಳದ್ದು, ಸಿಬ್ಬಂದಿಯದ್ದು.